ಬರಹದಿಂದ ಹುಟ್ಟಿದ ಅರ್ಥ: ಒಂದು ಚೀನೀ ನುಡಿಗಟ್ಟು ಮತ್ತು ಬಂಗಾರಪೇಟೆಯ ಹೆಸರು

ಚೀನೀ ಭಾಷೆಯ ಚತುರಕ್ಷರಿ ನುಡಿಗಟ್ಟುಗಳಲ್ಲಿ ‘ವಾಂಗ್ ವೆನ್ ಶೆಂಗ್ ಯಿ’ ಎಂಬುದು ನಿರುಕ್ತಕಾರರಿಗೆ ನೇರವಾಗಿ ತಟ್ಟುವಂಥದು. ಅದರ ಘಟಕಗಳ ಅರ್ಥ ಕ್ರಮವಾಗಿ ನೋಡು, ಬರಹ, ಹುಟ್ಟಿಸು, ಅರ್ಥ. ಅಕ್ಷರದ ಮೇಲ್ನೋಟದಿಂದಲೇ ಪದಾರ್ಥವನ್ನು ಕಲ್ಪಿಸಿಕೊಳ್ಳುವುದು ಎಂದು ತಾತ್ಪರ್ಯ; ಬಳಕೆ ಆಕ್ಷೇಪಸೂಚಕ. ನಿಘಂಟುಗಳು ಸಾಮಾನ್ಯವಾಗಿ ಉದಾಹರಿಸುವ ಪ್ರಯೋಗ ಹತ್ತೊಂಬತ್ತನೆಯ ಶತಮಾನದ ಝಾಂಗ್ ಝಿದೊಂಗನದು. ಆಕ್ಷೇಪದ ಬೇರು ಮಾತ್ರ ಇನ್ನೂ ಹಿಂದಿನದು. ಛಿಂಗ್ ಕಾಲದ ಗ್ರಂಥಶೋಧಕ ವಾಂಗ್ ನಿಯಾನ್‌ಸುನ್ (1744–1832) ಪ್ರಾಚೀನ ಪದಗಳ ಅರ್ಥವನ್ನು ಲಿಪಿರೂಪಕ್ಕೆ ಕಟ್ಟುಬೀಳದೆ ಪ್ರಾಚೀನ ಉಚ್ಚಾರಣೆಯ ಮೂಲಕ ಅರಸಬೇಕೆಂದು ಪ್ರತಿಪಾದಿಸಿದ್ದನು.

ಈ ನುಡಿಗಟ್ಟಿಗೆ ಕೋಲಾರ ಜಿಲ್ಲೆಯ ಬಂಗಾರಪೇಟೆ ತಕ್ಕ ಒರೆಗಲ್ಲು. ಕೆ.ಜಿ.ಎಫ್. ಗಣಿಗಳಿಗೆ ರೈಲುಮಾರ್ಗ ಕವಲೊಡೆಯುವ ಊರಿಗೆ ಬಂಗಾರದಿಂದಲೇ ಹೆಸರು ಬಂದಿತೆಂದು ಯಾರಿಗಾದರೂ ತೋರುತ್ತದೆ. ಆದರೆ ಹಳೆಯ ಮೈಸೂರು ಗೆಜೆಟಿಯರಿನಲ್ಲಿ ಈ ಊರು ‘ಬೌರಿಂಗ್‌ಪೇಟೆ’. 1862ರಿಂದ 1870ರವರೆಗೆ ಮೈಸೂರಿನ ಕಮಿಷನರಾಗಿದ್ದ ಲೆವಿನ್ ಬೆಂಥಮ್ ಬೌರಿಂಗನ ಹೆಸರು ಅದು. (ಈತನ ತಂದೆ ಜಾನ್ ಬೌರಿಂಗ್ ಹಾಂಗ್‌ಕಾಂಗಿನ ಗವರ್ನರಾಗಿದ್ದನೆಂಬುದು ಆಕಸ್ಮಿಕವಾದರೂ ಇಲ್ಲಿ ನೆನೆಯಬಹುದಾದದ್ದು.) ಜಾನ್ ಟೇಲರ್ ಕಂಪನಿ ಗಣಿಗೆ ಬಂದದ್ದು 1880ರಲ್ಲಿ, ರೈಲುಕವಲು ಆದದ್ದು 1894ರಲ್ಲಿ. ಆದರೂ ಕಾಲಗಣನೆಯೊಂದೇ ಸಾಲದು, ಏಕೆಂದರೆ ಈ ಸೀಮೆಯ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಜಾನ್ ವಾರನ್ 1802ರಲ್ಲಿಯೇ ಕಂಡಿದ್ದನು.

ರೂಪದ ಸಾಕ್ಷ್ಯ ಹೆಚ್ಚು ಬಲವಾದದ್ದು. ಕನ್ನಡದ ಸಹಜ ಧ್ವನಿಪರಿವರ್ತನೆಯಿಂದ ‘ಬೌರಿಂಗ್’ ಪದವು ‘ಬೌರಿಂಗು’ ಆಗಬಹುದಿತ್ತು, ‘ಬಂಗಾರ’ವಾಗುತ್ತಿರಲಿಲ್ಲ. ಬಕಾರ, ರಕಾರ, ಅನುನಾಸಿಕ, ಗಕಾರ ಎರಡರಲ್ಲೂ ಇವೆ. ಕ್ರಮ ಮಾತ್ರ ಪಲ್ಲಟಗೊಂಡಿದೆ. ಈ ಪಲ್ಲಟಕ್ಕೆ ಪ್ರೇರಣೆ ಅರ್ಥದ್ದು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯ ಹೆಸರು ಅದೇ ವ್ಯಕ್ತಿಯದಾಗಿಯೂ ಬದಲಾಗಿಲ್ಲ. ಅಲ್ಲಿ ಧ್ವನಿಸಾಮ್ಯವಿದೆ, ಚಿನ್ನದ ನೆರೆಯಿಲ್ಲ. ಗಣಿಯ ಮಗ್ಗುಲಲ್ಲೇ ಇರುವ ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಗಳೂ ಬದಲಾಗಿಲ್ಲ; ಅಲ್ಲಿ ಚಿನ್ನವಿದೆ, ಧ್ವನಿಸಾಮ್ಯವಿಲ್ಲ. ಎರಡೂ ಕೂಡಿದ ಬಂಗಾರಪೇಟೆಯಲ್ಲಿ ಮಾತ್ರ ಹೊಸ ರೂಪ ನೆಲೆಗೊಂಡಿತು. ತೆಲುಗಿನಲ್ಲೂ ‘ಬಂಗಾರು’ ಚಿನ್ನವೇ ಆದ್ದರಿಂದ ಈ ದ್ವಿಭಾಷಿಕ ಸೀಮೆಯಲ್ಲಿ ಅದಕ್ಕೆ ಎರಡೂ ಕಡೆಯ ಆಸರೆ ದೊರೆಯಿತೆಂದು ನಾವು ಭಾವಿಸುತ್ತೇವೆ.

ಆದುದರಿಂದ ನುಡಿಗಟ್ಟಿನ ಆಕ್ಷೇಪ ತಟ್ಟುವುದು ಊರಿಗೆ ಹೊಸ ರೂಪ ಕೊಟ್ಟ ಜನರನ್ನಲ್ಲ, ಆ ರೂಪವನ್ನೇ ಮೂಲವೆಂದು ಬರೆಯುವ ನಿರುಕ್ತಕಾರನನ್ನು. ವಾಂಗ್ ಸೂಚಿಸಿದ ಮದ್ದು ಮಾತ್ರ ಇಲ್ಲಿ ನಾಟುವುದಿಲ್ಲ: ಚೀನೀ ಓದುಗನನ್ನು ದಾರಿ ತಪ್ಪಿಸಿದ್ದು ಲಿಪಿ, ಬಂಗಾರಪೇಟೆಯಲ್ಲಿ ದಾರಿ ತಪ್ಪಿಸುವುದು ಉಚ್ಚಾರಣೆಯೇ.