ತೀವ್ರ ಮನೋರೋಗಿಗಳೂ ಧೂಮಪಾನತ್ಯಾಗವೂ

ಸ್ಕಿಜೋಫ್ರೀನಿಯಾ ಮೊದಲಾದ ತೀವ್ರ ಮನೋರೋಗಗಳುಳ್ಳವರ ಆಯುಸ್ಸು ಇತರರಿಗಿಂತ 10ರಿಂದ 20 ವರ್ಷಗಳಷ್ಟು ಕಡಮೆಯೆಂದು ಎಣಿಸಲಾಗಿದೆ. ಇವರಲ್ಲಿ ಹಲವರ ಮರಣಕ್ಕೆ ಹೃದಯಶ್ವಾಸಕೋಶಗಳ ವ್ಯಾಧಿಗಳೂ, ಆ ವ್ಯಾಧಿಗಳಿಗೆ ಬಹುಮಟ್ಟಿಗೆ ಹೊಗೆಸೊಪ್ಪೂ ಕಾರಣ. ಹೀಗಿದ್ದರೂ, ಧೂಮಪಾನವನ್ನು ಬಿಡಿಸಿದರೆ ಮನೋರೋಗವು ಕೆರಳೀತೆಂಬ ಭೀತಿಯು ವೈದ್ಯರಲ್ಲಿಯೂ ಬಹುಕಾಲ ಬೇರೂರಿದ್ದಿತು.

ಈ ಭೀತಿಗೆ ಆಧಾರವು ಸಾಲದು. 2016ರಲ್ಲಿ ಪ್ರಕಟವಾದ ‘ಈಗಲ್ಸ್’ ಪ್ರಯೋಗದಲ್ಲಿ ಸ್ತಿಮಿತದಲ್ಲಿದ್ದ ಮನೋರೋಗಿಗಳೇ 4,000ಕ್ಕೆ ಮಿಕ್ಕಿದ್ದರು. ವರೆನಿಕ್ಲಿನ್, ಬುಪ್ರೊಪಿಯಾನ್, ನಿಕೋಟಿನ್ ಪಟ್ಟಿ ಇವುಗಳಿಂದ ಮಾನಸಿಕ ಉಪದ್ರವಗಳು ಗಣನೀಯವಾಗಿ ಹೆಚ್ಚಿದುದು ಕಂಡುಬರಲಿಲ್ಲ. ಬ್ರಿಟನ್ನಿನಲ್ಲಿ 526 ಮಂದಿ ತೀವ್ರ ಮನೋರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ‘ಸಿಮಿಟಾರ್ ಪ್ಲಸ್’ ಪ್ರಯೋಗದಲ್ಲಿ, ವಿಶೇಷ ನೆರವು ಪಡೆದವರ ಪೈಕಿ ಆರು ತಿಂಗಳಿಗೆ ನೂರಕ್ಕೆ 14 ಮಂದಿಯೂ, ವಾಡಿಕೆಯ ನೆರವಿನವರಲ್ಲಿ 6 ಮಂದಿಯೂ ಧೂಮಪಾನವನ್ನು ತ್ಯಜಿಸಿದ್ದರು. ವರ್ಷಾಂತ್ಯಕ್ಕೆ ಈ ಸಂಖ್ಯೆಗಳು 15, 10 ಆಗಿ ಅಂತರವು ಕುಗ್ಗಿತು. ಆದುದರಿಂದ ನೆರವು ದೀರ್ಘಕಾಲ ನಡೆಯತಕ್ಕದ್ದೆಂದು ಊಹಿಸಬಹುದು.

ಇಲ್ಲಿ ವಿಶೇಷವಾಗಿ ಲಕ್ಷಿಸಬೇಕಾದುದೊಂದುಂಟು. ಹೊಗೆಯಲ್ಲಿರುವ ಕೆಲವು ದ್ರವ್ಯಗಳು ಯಕೃತ್ತಿನ ಒಂದು ಕಿಣ್ವವನ್ನು ಪ್ರಚೋದಿಸುವುದರಿಂದ ಕ್ಲೋಜಪಿನ್, ಒಲಾಂಜಪಿನ್ ಎಂಬ ಔಷಧಗಳು ಶರೀರದಲ್ಲಿ ಬೇಗನೆ ಕ್ಷಯಿಸುತ್ತವೆ. ಸೇದುವುದು ನಿಂತ ಕೆಲವು ದಿನಗಳಲ್ಲಿಯೇ ರಕ್ತದಲ್ಲಿ ಅವುಗಳ ಪ್ರಮಾಣವು ಏರುತ್ತದೆ. ಕ್ಲೋಜಪಿನ್ ಮಿತಿಮೀರಿದರೆ ಅತಿನಿದ್ರೆ, ಸೆಳವುಗಳು ತೋರಬಹುದು. ಇದು ನಿಕೋಟಿನ್ನಿನ ಕಾರ್ಯವಲ್ಲವಾದ್ದರಿಂದ ಪಟ್ಟಿಯು ಇದನ್ನು ತಡೆಯಲಾರದು. ಆದಕಾರಣ ರೋಗಿಯು ಧೂಮಪಾನವನ್ನು ಬಿಡುವ ಮೊದಲೇ ವೈದ್ಯರಿಗೆ ತಿಳಿಸಬೇಕು. ವೈದ್ಯರು ರಕ್ತವನ್ನು ಪರೀಕ್ಷಿಸಿ ಔಷಧದ ಪ್ರಮಾಣವನ್ನು ತಗ್ಗಿಸಬೇಕು. ರೋಗಿಯು ಮರಳಿ ಸೇದತೊಡಗಿದರೂ ಅದನ್ನು ಮುಚ್ಚಿಡದೆ ಹೇಳುವಂತಹ ವಿಶ್ವಾಸವು ಇಬ್ಬರಲ್ಲಿಯೂ ಇರುವುದು ಅವಶ್ಯಕ.