ಹಳೇ ಕಾರು, ಹೊಸ ಪೈಪು ಮತ್ತು ಅಪ್ಪನ ಫೋನು

ಎಂ.ಎಸ್. ಮುಗಿಸಿ ಕೆಲಸ ಹುಡುಕುತ್ತಿದ್ದ ದಿನಗಳವು. ಅಮೆರಿಕದಲ್ಲಿ ಓದಿದವರಿಗೆ ಈ ಲೆಕ್ಕ ಗೊತ್ತಿರುತ್ತದೆ. ಒಪಿಟಿ ಎಂಬ ಕೆಲಸದ ಪರವಾನಗಿ ಶುರುವಾದ ಮೇಲೆ ಒಟ್ಟು 90 ದಿನಕ್ಕಿಂತ ಹೆಚ್ಚು ಖಾಲಿ ಕೂರುವಂತಿಲ್ಲ. ನನ್ನದು ಆಗ 52ನೇ ದಿನ. ಒಂದೇ ರೆಸ್ಯೂಮೆಯನ್ನು ನೂರಾರು ಕಡೆ ಕಳಿಸಿದ್ದೆ, ಒಂದು ಫೋನೂ ಬಂದಿರಲಿಲ್ಲ.

ಡೆಟ್ರಾಯಿಟ್ ಹತ್ತಿರದ ಊರಿನಲ್ಲಿ ಹಿರಿಯರೊಬ್ಬರ ಮನೆಯಲ್ಲಿ ಬಾಡಿಗೆಗಿದ್ದೆ. ಅವರ ಗ್ಯಾರೇಜಿನಲ್ಲಿ 1979ರ ಷೆವರ್ಲೆ ಕಾರ್ವೆಟ್ ಇತ್ತು. ಪ್ರತಿ ಆಗಸ್ಟ್‌ನಲ್ಲಿ ವುಡ್‌ವರ್ಡ್ ಅವೆನ್ಯೂ ರಸ್ತೆಯಲ್ಲಿ ಹಳೆಯ ಕಾರುಗಳ ದೊಡ್ಡ ಜಾತ್ರೆಯೇ ನಡೆಯುತ್ತದೆ. ಅದಕ್ಕೆ ಹೋಗಲು ಅವರು ಮೂರು ವಾರ ಮೊದಲೇ ಕಾರು ಹೊರತೆಗೆದರು. ನೆಲದ ಮೇಲೆ ಎಣ್ಣೆಯ ಮಡು! ಪವರ್ ಸ್ಟೀರಿಂಗಿನ ಪೈಪು ಒಡೆದಿತ್ತು. ಎಣ್ಣೆಯಿಲ್ಲದೆ ಆ ಸ್ಟೀರಿಂಗ್ ತಿರುಗಿಸಲು ಭುಜದಲ್ಲಿ ಬಲ ಬೇಕು. ಅವರ ಭುಜಕ್ಕೆ ಶಸ್ತ್ರಚಿಕಿತ್ಸೆಯಾಗಿತ್ತು.

'ನೀನು ಆಟೊಮೊಬೈಲ್ ಎಂಜಿನಿಯರ್ ಅಲ್ಲವೇ?' ಎಂದರು. ಇಲ್ಲವೆನ್ನಲು ಬಾಯಿ ಬರಲಿಲ್ಲ.

ಈ ಕಾರಿನ ವ್ಯವಸ್ಥೆ ಈಗಿನ ಕಾರುಗಳಂತಲ್ಲ. ಎಂಜಿನ್ ಬೆಲ್ಟಿನಿಂದ ಪಂಪ್ ತಿರುಗಿ ಎಣ್ಣೆಯನ್ನು ಒತ್ತಡದಲ್ಲಿ ಕಂಟ್ರೋಲ್ ವಾಲ್ವ್‌ಗೆ ಕಳಿಸುತ್ತದೆ. ಸ್ಟೀರಿಂಗ್ ಯಾವ ಕಡೆ ತಿರುಗಿತೋ ಆ ಕಡೆಗೆ ವಾಲ್ವ್ ಎಣ್ಣೆ ಹರಿಸುತ್ತದೆ. ಚಕ್ರಗಳ ಬಳಿಯಿರುವ ಸಿಲಿಂಡರ್ ಅದೇ ದಿಕ್ಕಿಗೆ ತಳ್ಳುತ್ತದೆ. ಎಲ್ಲವನ್ನೂ ಜೋಡಿಸುವುದು ಪೈಪುಗಳೇ. ಆ ಒಂದು ವರ್ಷದಲ್ಲೇ 53,807 ಕಾರ್ವೆಟ್‌ಗಳು ತಯಾರಾಗಿದ್ದರಿಂದ ಬಿಡಿಭಾಗಗಳಿಗೆ ಇಂದಿಗೂ ಬರವಿಲ್ಲ. '1979' ಎಂದು ಆರಿಸಿ ಪೈಪು ತರಿಸಿದೆ. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಪಾರ್ಸೆಲ್ ಬಂತು. ವಾಲ್ವ್ ಕಡೆಯ ತುದಿ ಸಲೀಸಾಗಿ ಕೂತಿತು. ಪಂಪ್ ಕಡೆಯದು ಮಾತ್ರ ಎರಡು ಸುತ್ತು ಹೋಗಿ ಬಿಗಿಯಾಯಿತು. ಪಾನಾ ಹಾಕಿ ಒತ್ತಿದರೆ ಹೋಗುತ್ತದೆ ಅನ್ನಿಸಿತು. ಅಷ್ಟರಲ್ಲಿ ಅಪ್ಪನ ವಿಡಿಯೊ ಕಾಲ್.

ರಾಣೆಬೆನ್ನೂರಿನಲ್ಲಿ ಅಪ್ಪನದು ಟ್ರ್ಯಾಕ್ಟರ್ ರಿಪೇರಿ ಗ್ಯಾರೇಜ್. ಓದುವಾಗ ಮೂರು ಬೇಸಿಗೆ ಅಲ್ಲೇ ದುಡಿದಿದ್ದೆ. ಆದರೆ ಇಲ್ಲಿ ಯಾರಿಗೂ ಹೇಳಿರಲಿಲ್ಲ, ರೆಸ್ಯೂಮೆಯಲ್ಲೂ ಬರೆದಿರಲಿಲ್ಲ. ಅಪ್ಪನ ವೃತ್ತಿ ಕೇಳಿದರೆ 'ಬಿಸಿನೆಸ್' ಅನ್ನುತ್ತಿದ್ದೆ.

ಫೋನನ್ನು ಪಂಪಿನ ಕಡೆ ಹಿಡಿದೆ. ಅಪ್ಪ ನಕ್ಕರು. 'ಕೈಯಾಗ ಹೋಗೂದು ಪಾನಾ ಕೇಳಾಕತ್ತೈತಿ ಅಂದ್ರ ಅದು ಅದರ ಜೋಡಿ ಅಲ್ಲೋ ತಮ್ಮಾ. ಹಳೇ ಪೈಪು ಎಲ್ಲೈತಿ? ಅದನ್ನ ತೊಳಿ ಮೊದ್ಲ. ಆಮ್ಯಾಲೆ ಎರಡನ್ನೂ ಬಾಜೂಕ ಇಟ್ಟು ನೋಡು.'

ಹಳೆಯದನ್ನು ಕಸದ ಡಬ್ಬಿಗೆ ಎಸೆದಿದ್ದೆ! ಹುಡುಕಿ ತೆಗೆದು ಸೀಮೆಎಣ್ಣೆಯಲ್ಲಿ ತೊಳೆದೆ. ವ್ಯತ್ಯಾಸ ಕಣ್ಣಿಗೆ ಹೊಡೆಯುವಂತಿತ್ತು. ಹೊಸ ಪೈಪಿನ ತುದಿ ಕಹಳೆಯಂತೆ ಅರಳಿತ್ತು. ಅದು ಲೋಹಕ್ಕೆ ಲೋಹ ಒತ್ತಿ ಸೋರಿಕೆ ತಡೆಯುವ ಬಗೆ. ಹಳೆಯದರ ತುದಿ ನೇರವಾಗಿತ್ತು, ಮೇಲೊಂದು ರಬ್ಬರ್ ಉಂಗುರ. ಮರೆ ಅಳೆದರೆ ಹೊಸದು 5/8 ಇಂಚು, ಅಂದರೆ 15.875 ಮಿ.ಮೀ. ಹಳೆಯದು ಸರಿಯಾಗಿ 16 ಮಿ.ಮೀ. ಕೂದಲೆಳೆಯಷ್ಟು ಅಂತರ. ಅದಕ್ಕೇ ಎರಡು ಸುತ್ತು ಹೋಗಿದ್ದು. ಬಲ ಹಾಕಿದ್ದರೆ ಪಂಪಿನ ಮರೆಯೇ ಕಿತ್ತುಹೋಗುತ್ತಿತ್ತು.

ಗುಟ್ಟು ಆಗ ಬಯಲಾಯಿತು. ಕಾರು 1979ರದ್ದೇ, ಆದರೆ ಪಂಪ್ ಅದರದ್ದಲ್ಲ. ಹಿಂದೆ ಯಾರೋ ಮುಂದಿನ ವರ್ಷಗಳ ಮೆಟ್ರಿಕ್ ಅಳತೆಯ ಪಂಪ್ ಕೂರಿಸಿದ್ದರು. ಕಾರಿನ ಕಾಗದದಲ್ಲಿ ಅದೆಲ್ಲಿ ಬರೆದಿರುತ್ತದೆ?

ಪರಿಹಾರವನ್ನೂ ಅಪ್ಪನೇ ಹೇಳಿದರು. ಟ್ರ್ಯಾಕ್ಟರ್, ಜೆಸಿಬಿಗಳಿಗೆ ಹೈಡ್ರಾಲಿಕ್ ಪೈಪು ಮಾಡಿಕೊಡುವ ಅಂಗಡಿ ಅಲ್ಲೂ ಇರಲೇಬೇಕು, ಹಳೆಯದನ್ನು ಕೈಯಲ್ಲಿ ಹಿಡಿದು ಹೋಗು ಎಂದು. ಇತ್ತು. ಒಂದು ತುದಿಗೆ ಮೆಟ್ರಿಕ್, ಇನ್ನೊಂದಕ್ಕೆ ಇಂಚು ಹಾಕಿ ಅರ್ಧ ಗಂಟೆಯಲ್ಲಿ ಪೈಪು ಕಟ್ಟಿಕೊಟ್ಟರು. ಮೊದಲ ಪೈಪಿನ ದುಡ್ಡನ್ನು ಮಾಲೀಕರಿಗೆ ನಾನೇ ಕೊಟ್ಟೆ, ತಪ್ಪು ನನ್ನದು. ಮುಂದಿನ ಚಕ್ರಗಳನ್ನು ಜಾಕ್ ಮೇಲೆ ಎತ್ತಿ, ಎಣ್ಣೆ ತುಂಬಿ, ಗುಳ್ಳೆ ನಿಲ್ಲುವವರೆಗೂ ಸ್ಟೀರಿಂಗನ್ನು ಆ ತುದಿಯಿಂದ ಈ ತುದಿಗೆ ತಿರುಗಿಸಿದೆವು. ಒಂದು ಹನಿಯೂ ಸೋರಲಿಲ್ಲ.

ಆ ರಾತ್ರಿ ರೆಸ್ಯೂಮೆ ತೆರೆದೆ. 'ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಮೂರು ಬೇಸಿಗೆ' ಎಂದು ಸೇರಿಸಿದೆ. ಒಂದೇ ಅರ್ಜಿಯನ್ನು ಎಲ್ಲೆಡೆ ಕಳಿಸುವುದನ್ನು ಬಿಟ್ಟು, ಪ್ರತಿ ಕೆಲಸದ ವಿವರವನ್ನೂ ಪಕ್ಕದಲ್ಲಿಟ್ಟು ಬರೆಯತೊಡಗಿದೆ. ಎರಡು ವಾರದ ನಂತರ ಸಂದರ್ಶನವೊಂದರಲ್ಲಿ, 'ಇತ್ತೀಚೆಗೆ ಮಾಡಿದ ತಪ್ಪು ಯಾವುದು?' ಎಂದು ಕೇಳಿದರು. ಪೈಪಿನ ಕಥೆ ಹೇಳಿದೆ. ಹತ್ತು ನಿಮಿಷದ ಮಾತು ಮುಕ್ಕಾಲು ಗಂಟೆ ನಡೆಯಿತು. 83ನೇ ದಿನ ಆಫರ್ ಪತ್ರ ಬಂತು.

ಅದಕ್ಕೂ ಮೊದಲೇ ಜಾತ್ರೆ ಮುಗಿದಿತ್ತು. ಮಾಲೀಕರು ಒಂದೇ ಕೈಯಲ್ಲಿ ಸ್ಟೀರಿಂಗ್ ತಿರುಗಿಸುವ ವಿಡಿಯೊ ಅಪ್ಪನಿಗೆ ಕಳಿಸಿದ್ದೆ. ಕೆಲಸ ಸಿಕ್ಕ ಸುದ್ದಿ ಹೇಳಲು ಫೋನ್ ಮಾಡಿದಾಗ, ನಾನು ಬಾಯಿ ತೆರೆಯುವ ಮೊದಲೇ ಅವರು ಕೇಳಿದ್ದು ಇಷ್ಟು:

'ಆ ಪಂಪು ಮತ್ತ ಸೋರಿಲ್ಲ ಹೌದಲ್ಲೋ?'