ನೂಲಿನ ಕೈಗೆಲಸ ಮತ್ತು ಮಾನಸಿಕ ಆರೋಗ್ಯ: ಸಕಲೇಶಪುರ, ಆಲೂರು ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಸಕಲೇಶಪುರ ಹಾಗೂ ಆಲೂರು ತಾಲ್ಲೂಕುಗಳ ಮಲೆನಾಡು ಭಾಗದಲ್ಲಿ ಮಳೆಗಾಲದಲ್ಲಿ ಹೊರಸಂಚಾರ ಕಡಿಮೆಯಾಗಿ, ತೋಟದ ಒಂಟಿಮನೆಗಳಲ್ಲಿ ವಾಸಿಸುವವರಿಗೆ ಜನರ ಒಡನಾಟವೂ ಕುಗ್ಗುತ್ತದೆ. ಇಂತಹ ದಿನಗಳಲ್ಲಿ ಕೌದಿ ಹೊಲಿಗೆ, ಉಣ್ಣೆಯ ಹೆಣಿಗೆ, ಕಸೂತಿ ಮುಂತಾದ ನಿಧಾನಗತಿಯ ಕೈಗೆಲಸಗಳು ಮನಸ್ಸಿಗೆ ನೆಮ್ಮದಿ ನೀಡಬಲ್ಲವು. ಒಂದೇ ಬಗೆಯ ಕೈಚಲನೆ ಹಾಗೂ ಎಳೆಗಳ ಎಣಿಕೆಯಿಂದ ಗಮನವು ಚಿಂತೆಯಿಂದ ಕೆಲಸದತ್ತ ಹೊರಳುತ್ತದೆ. ಪೂರ್ಣಗೊಂಡ ವಸ್ತುವು ಆತ್ಮವಿಶ್ವಾಸವನ್ನು ಹೆಚ್ಚಿಸುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಪುನರ್ವಸತಿ ಸೇವೆಯಲ್ಲಿ ನೇಯ್ಗೆ, ಚಾಪೆ ಹೆಣೆಯುವಿಕೆ ಹಾಗೂ ಹೊಲಿಗೆಗೆ ಸ್ಥಾನವಿದೆ.

ಗಮನಿಸಬೇಕಾದ ಅಂಶಗಳು

ಕೈಗೆಲಸವು ಚಿಕಿತ್ಸೆಗೆ ಪೂರಕವೇ ಹೊರತು ಬದಲಿಯಲ್ಲ. ವೈದ್ಯರ ಸಲಹೆಯಿಲ್ಲದೆ ಔಷಧ ಸೇವನೆಯನ್ನು ನಿಲ್ಲಿಸಬಾರದು. ನಿದ್ರಾಹೀನತೆ, ನಿರಾಸಕ್ತಿ, ದುಃಖ ಎರಡು ವಾರಗಳಿಗೂ ಮೀರಿ ಮುಂದುವರಿದಲ್ಲಿ ತಾಲ್ಲೂಕು ಆಸ್ಪತ್ರೆಯನ್ನು ಸಂಪರ್ಕಿಸತಕ್ಕದ್ದು. ಆತ್ಮಹತ್ಯೆಯ ಮಾತನಾಡುವವರನ್ನು ಒಂಟಿಯಾಗಿ ಬಿಡದೆ, ಸೂಜಿ, ಕತ್ತರಿಗಳನ್ನು ದೂರವಿರಿಸಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಲಭ್ಯವಿರುವ ಸೇವೆಗಳು

1. ಮನೋಚೈತನ್ಯ: 2014ರಲ್ಲಿ ಆರಂಭವಾದ ಈ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ತಪಾಸಣೆ ನಡೆಯುತ್ತದೆ. ಸರದಿಯ ದಿನಾಂಕವನ್ನು ಆಸ್ಪತ್ರೆಯಲ್ಲಿ ವಿಚಾರಿಸಿಕೊಳ್ಳುವುದು.

2. ಟೆಲಿ ಮಾನಸ್: 2022ರಿಂದ ಜಾರಿಯಲ್ಲಿರುವ ಉಚಿತ ಸಹಾಯವಾಣಿ. ಸಂಖ್ಯೆ 14416, ದಿನದ 24 ಗಂಟೆಯೂ ಲಭ್ಯ. ಕನ್ನಡದಲ್ಲಿಯೂ ಮಾತನಾಡಬಹುದು.